ಅತ್ತೆಯ ಬಣ್ಣದ ಬಾತುಗಳು

ಬೆಳಿಗ್ಗೆ ಹಸುವಿಗೆಂದು ತೌಡು ಕಲಸಿದೆ. ಆ ಹಸಿ ವಾಸನೆ ಕೈಗೆ ಹತ್ತಿತೆಂದರೆ ನನಗೆ ನಮ್ಮೂರು ಬಿಳಿಕೆರೆಯ ಕೆರೆ ನೆನಪಾಗುತ್ತದೆ, ಹಿಂದೆಯೇ ನಾಚಿಕೆಯೂ ಆಗುತ್ತದೆ. ಹೇಳಿಕೊಂಡರೆ ನೀವೂ ಛೀ ಅನ್ನುತ್ತೀರೇನೋ. ಅನ್ನಿ, ಪರವಾಗಿಲ್ಲ.

ನಮ್ಮ ಯಜಮಾನರು ಯಾವುದೋ ವಿಡಿಯೋಗೆ ಮರುಳಾಗಿ, ಅಂಗಳದ ತೊಟ್ಟಿಗೆಂದು ಮ್ಯಾಂಡರಿನ್ ಎಂಬ ವಿದೇಶಿ ಬಾತಿನ ಜೋಡಿ ತಂದಿದ್ದರು. ಗಂಡಿನ ಅಲಂಕಾರ ನೋಡಬೇಕಿತ್ತು: ಕೆಂಪು ಕೊಕ್ಕು, ಹಸಿರು ಜುಟ್ಟು, ಬೆನ್ನ ಮೇಲೆ ಕಿತ್ತಳೆ ಬಣ್ಣದ ಬೀಸಣಿಗೆ. ನನ್ನ ಮದುವೆಯಲ್ಲೂ ನಾನು ಅಷ್ಟು ಸಿಂಗರಿಸಿಕೊಂಡಿರಲಿಲ್ಲ. ಒಂದು ಕಡೆಯ ರೆಕ್ಕೆಯ ಗರಿ ಕತ್ತರಿಸಿಡಿ ಎಂದು ಮಾರಿದವನು ಹೇಳಿದ್ದ. ಲಿಂಗಪೂಜೆಯಾಗದೆ ನೀರೂ ಮುಟ್ಟದ ನಮ್ಮತ್ತೆ ಬಿಡಬೇಕಲ್ಲ! "ಶಿವ ಕೊಟ್ಟಿರೋ ರೆಕ್ಕೆಗೆ ಕತ್ರಿ ಆಕಕ್ಕೆ ನಾವ್ಯಾರ್ಲಾ? ಮಡಗು ಅತ್ಲಾಗೆ" ಎಂದು ಮಗನ ಕೈಯಿಂದ ಕತ್ತರಿ ಕಿತ್ತುಕೊಂಡರು. ವಾರ ಕಳೆಯುವಷ್ಟರಲ್ಲಿ ಜೋಡಿ ಹಾರಿಹೋಗಿ ಕೆರೆ ಸೇರಿತು.

ಅಲ್ಲಿಂದ ಅತ್ತೆಗೆ ಊಟ ಸೇರದು. ಸಂಜೆಯಾದರೆ ಬೋಗುಣಿಯಲ್ಲಿ ತೌಡು ಕಲಸಿಕೊಂಡು ಕೆರೆಯ ದಡದಲ್ಲಿ ನಿಂತು, "ಬರ್ರಪ್ಪಾ, ಮನೆಗ್ ಓಗಾನ ಬರ್ರಪ್ಪಾ" ಎಂದು ಕೂಗುವರು. ಅವು ಬಂದು ತಿನ್ನುತ್ತಿದ್ದವು, ಮನೆಗೆ ಮಾತ್ರ ಬರುತ್ತಿರಲಿಲ್ಲ. "ಒಂದಿನ ಬತ್ತವೆ ಕಣವ್ವ" ಅನ್ನುತ್ತಿದ್ದರು ನನಗೆ.

ಒಂದು ಭಾನುವಾರ ಸಂಜೆ, ನಾನು ಪಾಠ ಮಾಡುವ ಹುಣಸೂರಿನ ಸ್ಕೂಲಿನ ಮೇಡಮ್ಮುಗಳು ಹಕ್ಕಿ ನೋಡಲು ಕ್ಯಾಮೆರಾ ಸಮೇತ ಬಂದರು. ಬಾತು ಕಂಡು, "ಅಯ್ಯಯ್ಯೋ, ಯಾವ ದೇಶದಿಂದ ಬಂದಿದಾವ್ರೀ!" ಎಂದು ಕುಣಿದಾಡಿದರು. ನಾನೋ ದೊಡ್ಡ ಪಂಡಿತೆ, "ಪ್ರತಿ ವರ್ಷ ಬರ್ತಾವೆ" ಅಂದುಬಿಟ್ಟೆ. ಅಷ್ಟರಲ್ಲಿ ಅತ್ತೆ ಬಂದರು. ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಕೈತುಂಬ ತೌಡು.

"ಯಾರ್ರೀ ಈ ಅಜ್ಜಿ?" ಎಂದರು ಒಬ್ಬರು.

"ಊರೋರು ಯಾರೋ" ಎಂದೆ. ಅತ್ತೆಗೆ ಕೇಳಿಸಿತು.

ಬಾತುಗಳು ನೆಟ್ಟಗೆ ಅವರ ಕಾಲ ಬಳಿಗೇ ಈಜಿ ಬಂದವು. "ನಿಮ್ಮ ಮನೇವಾ ಅಜ್ಜಿ?" ಎಂದು ಆ ಮೇಡಂ ಕೇಳಿದರು. ಅತ್ತೆ ನನ್ನ ಕಡೆ ನೋಡಲೇ ಇಲ್ಲ.

"ಇಲ್ಲ ಕಣವ್ವ, ನಮ್ಮವಲ್ಲ. ಎಲ್ಲಿಂದ್ಲೋ ಬಂದವೆ" ಎಂದು ತೌಡು ಸುರಿದು ಹೊರಟುಹೋದರು. ದಿನಾ ಗಂಟಲು ಕಟ್ಟುವಷ್ಟು ಕೂಗಿ ಕರೆದ ಬಾತುಗಳನ್ನೇ ನನ್ನ ಮರ್ಯಾದೆಗಾಗಿ ಬಿಟ್ಟುಕೊಟ್ಟರು. ಥೂ ನನ್ನ ಜನ್ಮಕ್ಕೆ!

ಮನೆಗೆ ಬಂದು ತಪ್ಪಾಯಿತು ಎನ್ನಲು ಬಾಯಿ ತೆರೆದೆ. "ಬುಡವ್ವ" ಎಂದರು. "ಪಾಪ, ಬಾಯಾರ್ಕಂಡ್ ಓದ್ರಲ್ಲ ನಿನ್ ಸ್ನೇಯಿತ್ರು. ಇನ್ನೊಂದ್ಸಲ ಮನೆಗೇ ಕರ್ಕಂಬಾ. ನಾನು ಇತ್ಲಲ್ಲಿರ್ತೀನಿ."

ಬಾತುಗಳು ಈಗಲೂ ಕೆರೆಯಲ್ಲಿವೆ. ಅತ್ತೆ ಕರೆಯಲು ಹೋಗುವುದಿಲ್ಲ. ಇವತ್ತೂ ಸ್ಕೂಲಿನವರು ಮನೆಗೆ ಬಂದಿದ್ದರು. ಚಪ್ಪಲಿ ಸದ್ದು ಕೇಳುತ್ತಲೇ ಅತ್ತೆ ಹಿತ್ತಲಿಗೆ ಎದ್ದುಹೋದರು. ನಾನು ಹೋಗಿ ಕೈಹಿಡಿದು ಕರೆತಂದು, "ಇವರು ನಮ್ಮತ್ತೆ" ಎಂದೆ. ಅತ್ತೆ ಬಂದವರ ಮುಖ ನೋಡಲಿಲ್ಲ. ನನ್ನ ಮುಖ ನೋಡಿದರು.