ಗಿರಿಜವ್ವ ಮತ್ತೆ ಬಗ್ಗಿದ್ದು

ದಾಸನಕೊಪ್ಪದ ಗಿರಿಜವ್ವ ನಾಟಿಗೆ ಇಳಿದಳೆಂದರೆ ಉಳಿದ ಹೆಂಗಸರು ಅವಳ ಕೈವೇಗಕ್ಕೆ ತಮ್ಮ ಕೈ ಹೊಂದಿಸಿಕೊಳ್ಳಬೇಕಿತ್ತು. ಹಾಡು ಎತ್ತುವವಳೂ ಅವಳೇ, ಸುಸ್ತಾದವಳನ್ನು ಬದುವಿಗೆ ಕಳಿಸಿ ಅವಳ ಪಾಲನ್ನೂ ನೆಟ್ಟು ಮುಗಿಸುವವಳೂ ಅವಳೇ.

ಎರಡು ಸಾವಿರದ ಇಸವಿಯ ಸುಗ್ಗಿಯಲ್ಲಿ ಭತ್ತದ ಚೀಲ ಎತ್ತುವಾಗ ಅವಳ ಸೊಂಟ ಹಿಡಿಯಿತು. ಎಕ್ಸ್‌ರೇ ನೋಡಿದ ಡಾಕ್ಟರೊಬ್ಬರು, ಬೆನ್ನಿನ ಮಣಿ ಸವೆದಿದೆ, ಇನ್ನು ಬಗ್ಗಬೇಡ ಎಂದರು. ಆ ಮಾತು ಅವಳೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು. ಗಂಡ ಕಲ್ಲಯ್ಯ ಅಂಗಳ ಗುಡಿಸಿದ, ನೀರು ಸೇದಿದ, ನೋಡಿದವರು ನಕ್ಕರೂ ಲೆಕ್ಕಿಸಲಿಲ್ಲ. ಅವಳು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನೆಟ್ಟಗೆ ನಡೆದಾಡಿದಳು. ಆದರೂ ನೋವು ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಕೊನೆಗೆ ಇಬ್ಬರೂ ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡುವ ಪರಿಮಳಾ ಹೆಗಡೆಯ ಬಳಿ ಹೋದರು. ಅವಳು ಹೇಳಿಕೊಟ್ಟ ವ್ಯಾಯಾಮವನ್ನು ಗಿರಿಜವ್ವ ಮನೆಯಲ್ಲಿ ಮಾಡಲೇ ಇಲ್ಲ. ಮುಂದಿನ ಸಲ ಪರಿಮಳಾ ಗದರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದಳು.

"ಬಗ್ಗಿದ್ರೆ ಏನಾಗ್ತದೆ ಅಂತ ನಿಮ್ಮ ಮನಸ್ಸಿನಲ್ಲಿದೆ, ಗಿರಿಜವ್ವಾ?"

"ಮಣಿ ಕಳಚಿ ಬೀಳ್ತೈತ್ರಿ. ಆಮ್ಯಾಲೆ ಸಾಯೂತನಕಾ ಹಾಸಿಗೀನ."

ಇದನ್ನು ಅವಳು ಕಲ್ಲಯ್ಯನಿಗೂ ಹೇಳಿರಲಿಲ್ಲ. ಅವನು ತಲೆ ತಗ್ಗಿಸಿದ. ಅವನ ಭಯವೂ ಅದೇ ಆಗಿತ್ತು.

ಕೂದಲು ನರೆಯುವ ಹಾಗೆ ಮಣಿಗಳೂ ಸವೆಯುತ್ತವೆ, ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ ಎಂದು ಪರಿಮಳಾ ತಿಳಿಸಿ ಹೇಳಿದಳು. ನೋವಾದ ಮಾತ್ರಕ್ಕೆ ಒಳಗೇನೋ ಮುರಿಯಿತು ಎಂದಲ್ಲ, ಬಗ್ಗದೇ ಬಿಟ್ಟ ಬೆನ್ನು ಇನ್ನಷ್ಟು ಬಿಗಿಯುತ್ತದೆ ಎಂದಳು. ಗಿರಿಜವ್ವ ಅರ್ಧ ನಂಬಿದಳು, ಅರ್ಧ ನಂಬಲಿಲ್ಲ. ಆಗ ಪರಿಮಳಾ ಸ್ಟೂಲಿನ ಮೇಲೆ ಚೊಂಬು ಇಟ್ಟು ಎತ್ತಲು ಹೇಳಿದಳು, ಆಮೇಲೆ ಅದನ್ನೇ ನೆಲದ ಮೇಲಿಟ್ಟಳು. ಗಿರಿಜವ್ವ ಕಣ್ಣು ಮುಚ್ಚಿ ಬಗ್ಗಿದಳು. ನೋಯಿತು, ಆದರೆ ಏನೂ ಕಳಚಲಿಲ್ಲ. ಚೊಂಬು ಹಿಡಿದು ನಿಂತವಳ ಕಣ್ಣಲ್ಲಿ ನೀರು ಬಂತು.

ಕಲ್ಲಯ್ಯನಿಗೂ ಒಂದು ಕೆಲಸ ಸಿಕ್ಕಿತು: ಹೆಂಡತಿಯ ಕೈಯಿಂದ ಕೆಲಸ ಕಿತ್ತುಕೊಳ್ಳದಿರುವುದು. ಅವಳು ಪೊರಕೆ ಹಿಡಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. ಒಂದು ವಾರ ನೋವು ಜೋರಾಗಿ, ಹಳೆಯ ಹೆದರಿಕೆಯೂ ಮರಳಿ ಬಂತು. ಮತ್ತೆ ಪಟ್ಟಿ ಕಟ್ಟಿಬಿಡು ಎಂದ ಕಲ್ಲಯ್ಯ.

"ಬ್ಯಾಡ್ರಿ. ನೋವು ನೋಯಿಸ್ತೈತಿ, ಮುರಿಯೂದಿಲ್ಲ," ಎಂದಳು ಅವಳು, ತನಗೂ ಹೇಳಿಕೊಳ್ಳುವವಳಂತೆ. ವ್ಯಾಯಾಮ ಬಿಡಲಿಲ್ಲ.

ಮರುವರ್ಷ ಗದ್ದೆಗಿಳಿದಳು. ಮೊದಲ ದಿನ ಸ್ವಲ್ಪ ನೆಟ್ಟು ಬದುವಿನ ಮೇಲೆ ಕೂತಳು. ದಿನದಿಂದ ದಿನಕ್ಕೆ ಮುಂದೆ ಹೋದಳು. ಸಂಜೆ ಸೊಂಟ ನೋಯುತ್ತಿತ್ತು, ಬೆಳಗ್ಗೆ ಎದ್ದು ಮತ್ತೆ ಹೋಗುತ್ತಿದ್ದಳು. ಸೊಂಟನೋವೆಂದು ಹಾಸಿಗೆ ಹಿಡಿದಿದ್ದ ಪಕ್ಕದ ಮನೆಯ ಪಾರ್ವತವ್ವನನ್ನು ಶಿರಸಿ ಬಸ್ಸಿಗೆ ಹತ್ತಿಸಿ, ದಾರಿಯುದ್ದಕ್ಕೂ ಅವಳ ಹೆದರಿಕೆಯನ್ನೆಲ್ಲ ಒಂದೊಂದಾಗಿ ಕೇಳುತ್ತ ಹೋದವಳೂ ಇದೇ ಗಿರಿಜವ್ವ.