ಪಂಪ್ ಅಕ್ಕ

“ಅಯ್ಯೋ, ಇದ್ ಪಂಪ್ ಅಲ್ದಾ?” ಎಂದೆ.

“ಅಲ್ಲ ಮಾರಾಯ್ತಿ, ನಾನ್ ಗಂಗೊಳ್ಳಿ ಮೀನ್ ಮಾರೋಳ್!” ಎಂದು ಆ ಕಡೆಯ ಹೆಂಗಸು ನಕ್ಕರು.

ಕುಂದಾಪುರದ ಆಸ್ಪತ್ರೆಯಲ್ಲಿ ಅತ್ತೆಯ ಪಕ್ಕ ಕೂತು, ಕುಂಭಾಶಿಯ ನಮ್ಮ ಗದ್ದೆಯ ಪಂಪಿಗೆ ಕರೆ ಮಾಡಿದ್ದೆ. ಪಂಪಿನ ಪೆಟ್ಟಿಗೆಯಲ್ಲಿ ಸಿಮ್ ಇದೆ; ಕರೆ ಹೋದರೆ ಸಾಕು, ಪಂಪು ತಾನಾಗಿ ಚಾಲೂ ಆಗುತ್ತದೆ. ಹೊಸ ಫೋನಿಗೆ ನಂಬರ್ ಹಾಕುವಾಗ ಒಂದು ಅಂಕಿ ತಪ್ಪಾಗಿತ್ತು. ಅತ್ತೆಗೆ ಜ್ವರ, ಅಲಸಂಡೆ ಬಳ್ಳಿಗೆ ಬಿಸಿಲು ಎಂದೆಲ್ಲ ಗಾಬರಿಯಲ್ಲಿ ಆ ಹೆಂಗಸಿಗೇ ಹೇಳಿಬಿಟ್ಟೆ. ಆಮೇಲೆ ಗಂಡನನ್ನು ಕೇಳಿ ನಂಬರ್ ತಿದ್ದಿ, ನೀರು ಬಿಟ್ಟೆ.

ಸಂಜೆ ಅದೇ ಹೆಂಗಸಿನ ಫೋನು. “ಅತ್ತೆ ಹ್ಯಾಂಗಿದ್ರ್? ಬಳ್ಳಿಗೆ ನೀರ್ ಸಿಕ್ತಾ?”

ಅತ್ತೆಯನ್ನು ಎಲ್ಲರೂ ವಿಚಾರಿಸಿದ್ದರು, ಬಳ್ಳಿಯನ್ನು ಕೇಳಿದವರು ಅವರೊಬ್ಬರೇ. ಆ ತಪ್ಪು ನಂಬರ್ ಈಗಲೂ ನನ್ನ ಫೋನಿನಲ್ಲಿ ‘ಪಂಪ್ ಅಕ್ಕ’ ಎಂದೇ ಇದೆ. ನಾನು ಗಂಗೊಳ್ಳಿಗೆ ಹೋಗಿ ಕೊಟ್ಟ ಮೊದಲ ಕೊಯ್ಲಿನ ಅಲಸಂಡೆ ಕಟ್ಟು ಅವರ ಮೀನಿನ ಬುಟ್ಟಿ ಸೇರಿತು.