ಗಾಯ ಮಾಯುವ ಮೊದಲು

ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಬಂದರಿನ ಕಡೆಯಿಂದ ಬೀಸುವ ಗಾಳಿಯಲ್ಲಿ ಮೀನಿನ ವಾಸನೆ. ಫೆಬ್ರವರಿಯ ಬೆಳಗು, ಬೀದಿದೀಪಗಳಿನ್ನೂ ಆರಿಲ್ಲ. ಇಟ್ಟಿಗೆಯ ಸಾಲುಮನೆಗಳಲ್ಲಿ ಒಂದರ ಮುಂದೆ ಗ್ಲೆನಿಸ್ ಹಾರ್ಕರ್ ತಮ್ಮ ಹಳೆಯ ಕಾರು ನಿಲ್ಲಿಸಿ, ಹಿಂದಿನ ಸೀಟಿನಿಂದ ಕ್ಯಾಮೆರಾ ಚೀಲ ಎತ್ತಿಕೊಳ್ಳುತ್ತಾರೆ. ಬಾಗಿಲಲ್ಲಿ ಕರೆಗಂಟೆ ಇದೆ. ಅದನ್ನು ಒತ್ತುವುದಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

"ಪೆಟ್ಟು ತಿಂದವರ ಮನೇಲಿ ಗಂಟೆ ಬಾರಿಸಿದ್ರೆ ಎದೆ ಝಲ್ ಅನ್ನುತ್ತೆ ಕಣ್ರೀ. ಅವನೇ ಬಂದ ಅಂದ್ಕೊಂಡ್ಬಿಡ್ತಾರೆ," ಎನ್ನುತ್ತಾರೆ ಅವರು.

ಐವತ್ತೆಂಟರ ಗ್ಲೆನಿಸ್ ಪೊಲೀಸರಿಗಾಗಿ ಗಾಯಗಳ ಫೋಟೋ ತೆಗೆಯುತ್ತಾರೆ. ಹೆಣಗಳದ್ದಲ್ಲ. ಕೊಲೆಯಾದ ಜಾಗಕ್ಕೆ ಮೈಪೂರ್ತಿ ಮುಚ್ಚುವ ಬಿಳಿ ಉಡುಪು ತೊಟ್ಟು ಹೋಗುವವರು ಬೇರೆ ಇದ್ದಾರೆ, ಟೀವಿಯಲ್ಲಿ ಬರುವವರೂ ಅವರೇ. ಗ್ಲೆನಿಸ್ ಅವರ ಪಾಲಿಗೆ ಬರುವವರು ಬದುಕಿ ಉಳಿದವರು. ಗಂಡನ ಗುದ್ದು ತಿಂದವಳು, ಪಬ್ಬಿನಲ್ಲಿ ಗಾಜಿನ ಲೋಟದಿಂದ ಕೆನ್ನೆ ಸೀಳಿಸಿಕೊಂಡವನು, ಪ್ರಯಾಣಿಕ ತಳ್ಳಿ ಬೀಳಿಸಿದ ಬಸ್ ಚಾಲಕ. ಸಾಮಾನ್ಯ ದಿನವೊಂದರಲ್ಲಿ ನಾಲ್ಕೈದು ಮನೆ. ಹಬ್ಬದ ಮರುದಿನವಾದರೆ ಹತ್ತು.

ಈ ದೇಶದಲ್ಲಿ ಇಂಥ ಅಪರಾಧಗಳನ್ನು ಇಂದಿಗೂ ವಿಕ್ಟೋರಿಯಾ ರಾಣಿಯ ಕಾಲದ ಕಾನೂನಿನಿಂದಲೇ ಅಳೆಯುತ್ತಾರೆ. ಅದೊಂದು ಏಣಿ ಎನ್ನುತ್ತಾರೆ ಗ್ಲೆನಿಸ್. "ಹೊಡೀತೀನಿ ಅಂತ ಕೈ ಎತ್ತಿ ಹೆದರಿಸಿದ್ರೂ ತಪ್ಪೇ, ಮುಟ್ಟದೇ ಇದ್ರೂ. ತಳ್ಳಿದ್ರೆ ಇನ್ನೊಂದು. ಮೈಮೇಲೆ ನೋವಿನ ಗುರುತು ಬಿಟ್ರೆ ಒಂದು ಮೆಟ್ಟಿಲು ಮೇಲೆ. ಚರ್ಮ ಸೀಳಿದ್ರೆ, ಮೂಳೆ ಮುರಿದ್ರೆ ಇನ್ನೂ ಮೇಲೆ. ಯಾವ ಮೆಟ್ಟಿಲು ಅಂತ ಹೇಳೋದು ವಕೀಲರ ಕೆಲಸ. ಗುರುತು ಅಳಿಸಿಹೋಗೋಕೆ ಮುಂಚೆ ಹಿಡಿದಿಡೋದಷ್ಟೇ ನಂದು."

ಮೊದಲು ಅವರು ಮದುವೆ ಫೋಟೋ ತೆಗೆಯುತ್ತಿದ್ದರು. ಫೋನುಗಳಲ್ಲೇ ಕ್ಯಾಮೆರಾ ಬಂದ ಮೇಲೆ ಅಂಗಡಿಯ ಬಾಗಿಲು ಎಳೆಯಬೇಕಾಯಿತು. ಗಂಡ ಕ್ಲೈವ್‌ಗೆ ಬೆನ್ನುನೋವು, ಮನೆಯಲ್ಲೇ. ಪೊಲೀಸ್ ಇಲಾಖೆಯ ಜಾಹೀರಾತು ಕಂಡಾಗ ಕಳ್ಳತನವಾದ ಮನೆಯ ಮುರಿದ ಕಿಟಕಿಗಳ ಚಿತ್ರ ತೆಗೆಯುವ ಕೆಲಸವಿರಬೇಕು ಎಂದುಕೊಂಡು ಅರ್ಜಿ ಹಾಕಿದರು. ಸೇರಿದ ಮೊದಲ ವಾರವೇ ಎಡವಟ್ಟು. ತುಟಿ ಒಡೆದ ಮುದುಕರೊಬ್ಬರ ಮುಂದೆ ಕ್ಯಾಮೆರಾ ಎತ್ತಿದವರೇ, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ, "ಸ್ವಲ್ಪ ನಗಿ" ಅಂದುಬಿಟ್ಟರು. ಮುದುಕರು ನಗುವುದನ್ನು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು. "ಬೇಡ ಕಣಮ್ಮಾ, ಹೊಲಿಗೆ ಬಿಚ್ಚಿಹೋಗುತ್ತೆ."

ಉಳಿದದ್ದನ್ನು ಕಲಿಸಿದ್ದು ಕೆಲಸವೇ. ಪೆಟ್ಟು ಬಿದ್ದ ದಿನ ಚರ್ಮ ಬರೀ ಕೆಂಪಗಿರುತ್ತದೆ. ಒಳಪೆಟ್ಟು ಮೇಲೆದ್ದು ಬಣ್ಣ ತಳೆಯಲು ಸಮಯ ಬೇಕು. ಹಾಗಾಗಿ ಒಂದೇ ಮನೆಗೆ ಎರಡು ಸಲ ಹೋಗಬೇಕು. ಕಪ್ಪು ಮೈಬಣ್ಣದವರ ಒಳಪೆಟ್ಟು ಫ್ಲಾಶಿನ ಬೆಳಕಿಗೆ ಮಾಯವಾಗಿಬಿಡುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಘಾನಾದ ಅಬೆನಾ ಒಮ್ಮೆ ಅವರ ಕೈಹಿಡಿದು ಕಿಟಕಿಯ ಬಳಿಗೆ ಕರೆದೊಯ್ದು, "ಇಲ್ಲಿ ನಿಂತ್ಕೊಂಡು ನೋಡು ಅಕ್ಕಾ, ಪಕ್ಕದಿಂದ. ನೆಟ್ಟಗೆ ನೋಡಿದ್ರೆ ನಮ್ಮ ನೋವು ಕಾಣೋದಿಲ್ಲ," ಎಂದು ತೋರಿಸಿದರು. ಅಂದಿನಿಂದ ಗ್ಲೆನಿಸ್ ಯಾವ ಮನೆಗೆ ಹೋದರೂ ಮೊದಲು ಕಿಟಕಿ ಎಲ್ಲಿದೆ ಎಂದು ನೋಡುತ್ತಾರೆ. ಗಾಯದ ಪಕ್ಕದಲ್ಲಿ ಇಡುವ ಅಳತೆಪಟ್ಟಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಾರೆ, ತಣ್ಣಗಿನದು ತಾಗಿದರೆ ಜನ ಬೆಚ್ಚುತ್ತಾರೆ ಎಂದು.

ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರುವುದಿಲ್ಲ. ತಂಗಿಯ ಮಗಳ ಮದುವೆಯಲ್ಲಿ ಮದುಮಕ್ಕಳ ಕಡೆ ನೋಡದೆ ಪಕ್ಕದ ಮೇಜಿನ ಹೆಂಗಸಿನ ಮಣಿಕಟ್ಟನ್ನೇ ನೋಡುತ್ತ ಕುಳಿತಿದ್ದರಂತೆ. "ಅದು ಬಳೆ ಒತ್ತಿದ್ದು ಕಣೇ, ಕೇಕ್ ತಿನ್ನು," ಎಂದು ಕ್ಲೈವ್ ತಟ್ಟೆಯನ್ನು ಮುಂದೆ ತಳ್ಳಿದರಂತೆ.

ಫೆಬ್ರವರಿಯ ಆ ಬೆಳಗು ಬಾಗಿಲು ತೆರೆದವಳನ್ನು ಇಲ್ಲಿ ಟ್ಯಾಮ್ಸಿನ್ ಎಂದು ಕರೆಯೋಣ. ನಿಜವಾದ ಹೆಸರು ಬೇರೆ. ತನ್ನ ಕತೆ ಹೇಳಬಹುದು ಎಂದು ಒಪ್ಪಿರುವುದು ಅವಳೇ. ಮೀನು ಸಂಸ್ಕರಿಸುವ ಕಾರ್ಖಾನೆಯಲ್ಲಿ ಹ್ಯಾಡಕ್ ಮೀನಿನ ಮುಳ್ಳು ತೆಗೆಯುವ ಕೆಲಸ. ಪಾಳಿಗೆ ಹೊರಡುವ ಮುಂಚೆ ಬನ್ನಿ ಎಂದಿದ್ದಳು. ಹಿಂದಿನ ಸಂಜೆ ಪಕ್ಕದ ಮನೆಯವರು ಕೂಗಾಟ ಕೇಳಿ ಪೊಲೀಸರಿಗೆ ಹೇಳಿದ್ದರು. ಬಂದ ಪೊಲೀಸರು ಅವಳ ಜೊತೆಗಿದ್ದ ಗಂಡಸನ್ನು ಕರೆದೊಯ್ದಿದ್ದರು. ಗ್ಲೆನಿಸ್‌ಗೆ ಸಿಕ್ಕ ಸೂಚನೆ ಇಷ್ಟೇ: ಎಡ ತೋಳು, ಹಿಡಿದೆಳೆದ ಗುರುತು.

ಟ್ಯಾಮ್ಸಿನ್ ಉಣ್ಣೆಯ ಟೋಪಿಯನ್ನು ಕಿವಿಯ ಕೆಳಗಿನವರೆಗೂ ಎಳೆದುಕೊಂಡಿದ್ದಳು. ತೋಳಿನ ಮೇಲೆ ಒಂದಿಷ್ಟು ಕೆಂಪು, ಅಷ್ಟೇ. ಗ್ಲೆನಿಸ್ ಕಿಟಕಿಯ ಬಳಿ ನಿಲ್ಲಿಸಿ ಚಿತ್ರ ತೆಗೆದರು. ಆಮೇಲೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕೇಳಿದರು.

"ಇನ್ನೆಲ್ಲಾದ್ರೂ ತೋರಿಸೋದು ಇದೆಯಾ ಮಗಾ?"

"ಇಲ್ಲ."

ಇನ್ನೊಮ್ಮೆ ಕೇಳುವಂತಿಲ್ಲ. ಒತ್ತಾಯಿಸಿದರೆ, ಬಾಯಿಗೆ ಮಾತು ತುರುಕಿದರು ಎಂದು ನಾಳೆ ವಕೀಲರು ಹಿಡಿಯುತ್ತಾರೆ. ಟೋಪಿಯ ಮೇಲೆ ಗ್ಲೆನಿಸ್ ಕಣ್ಣು ಬೀಳದೆ ಇರಲಿಲ್ಲ. ಆದರೂ ಲೆನ್ಸಿಗೆ ಮುಚ್ಚಳ ಹಾಕಿ, ಚೀಲದ ಜಿಪ್ ಎಳೆದರು. "ಹೋಗೋ ಮುಂಚೆ ಒಂದು ಲೋಟ ಚಹಾ ಸಿಗುತ್ತಾ? ಕಾರಲ್ಲಿ ಹೀಟರ್ ಕೆಟ್ಟಿದೆ," ಎಂದರು. ಹೀಟರ್ ನಿಜಕ್ಕೂ ಕೆಟ್ಟಿತ್ತು.

ಕೆಟಲ್ ಕುದಿಯುತ್ತಿತ್ತು. ಟ್ಯಾಮ್ಸಿನ್ ಬೆನ್ನು ತಿರುಗಿಸಿಕೊಂಡೇ ನಿಂತು ಕೇಳಿದಳು, "ರಕ್ತ ಬರದೇ ಇದ್ರೆ ಅದು ಲೆಕ್ಕಕ್ಕೆ ಬರೋದಿಲ್ಲ ಅಲ್ವಾ?"

"ಲೆಕ್ಕ ಹಾಕೋಳು ನಾನಲ್ಲಮ್ಮಾ. ತೋರಿಸಿದ್ರೆ ಫೋಟೋ ತೆಗೀತೀನಿ."

ಅವಳು ಟೋಪಿ ತೆಗೆದಳು. ಸೊಂಟದವರೆಗೆ ಇದ್ದ ಜಡೆ ಇರಲಿಲ್ಲ. ಆ ಗಂಡಸು ಅಡುಗೆಮನೆಯ ಕತ್ತರಿಯಿಂದ ಬುಡದಲ್ಲೇ ಕತ್ತರಿಸಿ ತೆಗೆದಿದ್ದ. ಒಂದು ಕಡೆ ನೆತ್ತಿಯ ಚರ್ಮ ಕಾಣುವಷ್ಟು, ಇನ್ನೊಂದು ಕಡೆ ಹುಲ್ಲು ಮೇಯ್ದ ಹಾಗೆ. ಹದಿನಾಲ್ಕು ವರ್ಷದವಳಾಗಿದ್ದಾಗಿನಿಂದ ಬೆಳೆಸಿದ ಕೂದಲು ಅದು. ಕಾರ್ಖಾನೆಯಲ್ಲಿ ಅದನ್ನು ಬಲೆಯ ಟೋಪಿಯೊಳಗೆ ಸುತ್ತಿಡುವುದನ್ನು ನೋಡಿ ಜೊತೆಯ ಹೆಂಗಸರು, "ನಿನ್ನ ಟೋಪಿಯೊಳಗೆ ಬೆಕ್ಕು ಸಾಕಿದ್ದೀಯೇನೇ?" ಎಂದು ರೇಗಿಸುತ್ತಿದ್ದರು.

"ಇವತ್ತು ಸಂಜೆ ಅಕ್ಕ ಪಾರ್ಲರಿಗೆ ಕರ್ಕೊಂಡು ಹೋಗ್ತಾಳೆ, ಸಮ ಮಾಡಿಸೋಕೆ," ಎಂದಳು ಟ್ಯಾಮ್ಸಿನ್. "ಕೂದಲು ತಾನೇ. ಬೆಳೆಯುತ್ತೆ."

ಗ್ಲೆನಿಸ್ ಚೀಲವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಜಿಪ್ ಬಿಚ್ಚಿದರು. ಚಹಾ ಆರುತ್ತಿದ್ದರೂ ಬಿಟ್ಟು ಹಿಂದಿನಿಂದ, ಎಡದಿಂದ, ಬಲದಿಂದ ತೆಗೆದರು. ಸಂಜೆಯಾಗಿದ್ದರೆ ಹಿಡಿಯಲು ಏನೂ ಉಳಿದಿರುತ್ತಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದಾಗ ತೋಳಿನ ಕೆಂಪು ನೇರಳೆಗೆ ತಿರುಗಿತ್ತು. ತೋಳಿನ ಹಿಂಬದಿಯಲ್ಲಿ ನಾಲ್ಕು ಬೆರಳು ಒಂದೊಂದೂ ಬೇರೆಯಾಗಿ ಮೂಡಿದ್ದವು.

ಬೇಸಿಗೆಯಲ್ಲಿ ಮೂವರು ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ ನಡೆಯಿತು. ಸಿಟ್ಟಿನಲ್ಲಿ ಅವಳೇ ಕತ್ತರಿಸಿಕೊಂಡಳು ಎಂದ ಆ ಗಂಡಸು. ಅವನ ವಕೀಲರು ಗ್ಲೆನಿಸ್ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ, "ನೀವು ಮದುವೆ ಫೋಟೋಗ್ರಾಫರ್ ಆಗಿದ್ದವರು. ಬೆಳಕಿನಲ್ಲಿ ಆಟವಾಡಿ ಇಲ್ಲದ್ದನ್ನು ಇದೆ ಅಂತ ತೋರಿಸೋದು ನಿಮಗೆ ರೂಢಿ ಅಲ್ವೇ?" ಎಂದು ಕೇಳಿದರು.

"ಮದುವೇಲಿ ಮೊಡವೆ ಅಳಿಸ್ತಿದ್ದೆ ಸ್ವಾಮಿ," ಎಂದರು ಗ್ಲೆನಿಸ್. "ಯಾರ ಮುಖಕ್ಕೂ ಮೊಡವೆ ಅಂಟಿಸಿದೋಳಲ್ಲ."

ವಕೀಲರು ಇನ್ನೊಂದು ವಾದ ಹೂಡಿದರು. ಕೂದಲು ಜೀವವಿಲ್ಲದ ವಸ್ತು, ಕತ್ತರಿಸಿದರೆ ನೋವಿಲ್ಲ, ನೋವಿಲ್ಲದ ಮೇಲೆ ದೇಹಕ್ಕೆ ಹಾನಿ ಹೇಗಾಗುತ್ತದೆ? ಆದರೆ ಆ ಪ್ರಶ್ನೆಯನ್ನು ಮೇಲಿನ ನ್ಯಾಯಾಲಯ ಎಷ್ಟೋ ವರ್ಷಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿತ್ತು. ತಲೆಯ ಮೇಲಿರುವಷ್ಟು ಕಾಲ ಕೂದಲು ದೇಹದ ಭಾಗವೇ. ಟ್ಯಾಮ್ಸಿನ್ ಆ ಗಂಡಸಿನ ಕಣ್ಣಿಗೆ ಬೀಳದಂತೆ ಪರದೆಯ ಮರೆಯಲ್ಲಿ ಕುಳಿತು, ಅವನು ಒಂದು ಕೈಯಲ್ಲಿ ತೋಳು ಹಿಡಿದು ಇನ್ನೊಂದರಲ್ಲಿ ಏನು ಮಾಡಿದ ಎಂಬುದನ್ನು ಹೇಳಿದಳು. ಮ್ಯಾಜಿಸ್ಟ್ರೇಟರು ಚಿತ್ರಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ತೋಳಿನ ಹಿಂಬದಿಯ ಬೆರಳುಗಳನ್ನು ನೋಡಿದಾಗ ಮೂವರಲ್ಲಿ ವಯಸ್ಸಾದ ಹೆಂಗಸೊಬ್ಬರು ಬೆರಳುಗಳು ಅದೇ ರೀತಿ ಬೀಳುವಂತೆ ತಮ್ಮ ತೋಳನ್ನು ತಾವೇ ಹಿಡಿಯಲು ಯತ್ನಿಸಿ, ಆಗದೆ ಕೈಬಿಟ್ಟರು. ಅಪರಾಧ ಸಾಬೀತಾಯಿತು. ಶಿಕ್ಷೆ ಮಾತ್ರ ಟ್ಯಾಮ್ಸಿನ್‌ಳ ಅಕ್ಕ ಬಯಸಿದಷ್ಟಿರಲಿಲ್ಲ. ಮತ್ತೆ ತಪ್ಪು ಮಾಡಿದರೆ ಮಾತ್ರ ಜೈಲು ಎಂದು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ಅವಳ ಹತ್ತಿರ ಸುಳಿಯಬಾರದೆಂದು ಆಜ್ಞೆ ಮಾಡಿದರು. "ಇಷ್ಟೇನಾ?" ಎಂದು ಅಕ್ಕ ಹೊರಗೆ ಬಂದು ಗೊಣಗುತ್ತಿದ್ದಳು. ಟ್ಯಾಮ್ಸಿನ್ ಮೆಟ್ಟಿಲ ಮೇಲೆ ಕುಳಿತು ಬೇರೆಯದನ್ನೇ ಹೇಳಿದಳಂತೆ: "ನಾನು ಕತ್ತರಿಸಿಕೊಂಡಿಲ್ಲ ಅಂತ ಅವರು ಬಾಯಿಬಿಟ್ಟು ಹೇಳಿದ್ರಲ್ಲ ಅಕ್ಕಾ."

ಎಲ್ಲ ಮನೆಯ ಕತೆಯೂ ಹೀಗೆ ಮುಗಿಯುವುದಿಲ್ಲ. ತೆಗೆದ ಚಿತ್ರಗಳಲ್ಲಿ ಬಹುಪಾಲು ನ್ಯಾಯಾಲಯದ ಮುಖವನ್ನೇ ಕಾಣುವುದಿಲ್ಲ. ಎರಡನೆಯ ಸಲ ಹೋಗುವಷ್ಟರಲ್ಲಿ ಗಂಡ ವಾಪಸಾಗಿರುತ್ತಾನೆ, ಹೆಂಡತಿ ಬಾಗಿಲ ಸಂದಿಯಿಂದಲೇ "ತಪ್ಪು ತಿಳ್ಕೊಂಡಿದ್ವಿ" ಎಂದು ಕಳಿಸಿಬಿಡುತ್ತಾಳೆ. ಅಂಥ ದಿನ ಗ್ಲೆನಿಸ್ ಕ್ಲೀಥಾರ್ಪ್ಸ್ ಕಡಲತೀರಕ್ಕೆ ಹೋಗಿ ಕಾರಿನೊಳಗೇ ಕುಳಿತು ವಿನೆಗರ್ ಚಿಮುಕಿಸಿದ ಚಿಪ್ಸ್ ತಿಂದು ಮನೆಗೆ ಹೋಗುತ್ತಾರೆ. ಕ್ಲೈವ್ ಕೇಳುವುದಿಲ್ಲ, ವಿನೆಗರ್ ವಾಸನೆಯಿಂದಲೇ ತಿಳಿದುಕೊಳ್ಳುತ್ತಾರೆ.

ಈ ಲೇಖನಕ್ಕೆ ಒಪ್ಪಿಕೊಳ್ಳುವಾಗ ಅವರು ಹಾಕಿದ ಷರತ್ತು ಒಂದೇ, ತಮ್ಮ ಫೋಟೋ ಅಚ್ಚಾಗಬಾರದು. ಯಾಕೆ ಎಂದರೆ ಕಳೆದ ತಿಂಗಳು ಮಾರುಕಟ್ಟೆಯಲ್ಲಿ ನಡೆದದ್ದನ್ನು ಹೇಳುತ್ತಾರೆ. ಬಟ್ಟೆಯಂಗಡಿಯಲ್ಲಿ ಟ್ಯಾಮ್ಸಿನ್ ನಿಂತಿದ್ದಳು, ಜೊತೆಗೆ ಅಕ್ಕ. ಹೊಸ ಬಾಡಿಗೆಮನೆಯ ಕಿಟಕಿಗೆ ಪರದೆ ಆರಿಸುತ್ತಿದ್ದರು. ಹಳದಿಯೋ ನೀಲಿಯೋ ಎಂದು ಇಬ್ಬರಿಗೂ ಜಗಳ. ಗ್ಲೆನಿಸ್ ಕೈಯಳತೆಯ ದೂರದಲ್ಲೇ ದಾಟಿಹೋದರು. ಟ್ಯಾಮ್ಸಿನ್ ತಲೆಯೆತ್ತಿ ನೋಡಿ, ದಾರಿಹೋಕರಿಗೆ ಜಾಗ ಬಿಡುವಂತೆ ಸ್ವಲ್ಪ ಸರಿದು, ಮತ್ತೆ ಬಟ್ಟೆಯ ಕಡೆ ತಿರುಗಿದಳು.

"ಗುರುತೇ ಸಿಗಲಿಲ್ಲ ಅವಳಿಗೆ," ಎನ್ನುತ್ತಾರೆ ಗ್ಲೆನಿಸ್. ಮುಖದಲ್ಲಿ ಬೇಸರವಿಲ್ಲ. "ನನ್ನ ಮುಖ ನೆನಪಿದ್ರೆ ಆ ಬೆಳಗ್ಗೇನೂ ನೆನಪಿರುತ್ತೆ. ನಾನು ಹೋದ ಮನೆಯವರೆಲ್ಲ ನನ್ನ ಹೀಗೆ ಮರೀಲಿ ಅಂತಾನೇ ನನ್ನಾಸೆ."